ಗಾಳಿಬೋರೆಯ ಹರಕೆ ಗಿಡುಗ

ದೊಡ್ಡಬಸಮ್ಮನ ಮುಖ ನೋಡುವುದಕ್ಕೆ ಮೊದಲು ನಾನು ಆಕೆಯ ಗಂಟಲು ಕೇಳಿದೆ. ೧೯೩೪ನೇ ಇಸವಿಯ ಕಾರ್ತಿಕ ಮಾಸ, ಹೂಗ್ಯಂ ಶಾಲೆಗೆ ಮೇಷ್ಟ್ರಾಗಿ ಬಂದ ಮೂರನೆಯ ದಿನ. ಮಕ್ಕಳಿಂದ ಏಳರ ಮಗ್ಗಿ ಹೇಳಿಸುತ್ತಿದ್ದೆ. ಊರ ಮೇಲಿನ ದಿಣ್ಣೆಯಿಂದ ಯಾರನ್ನೋ ಕೊಲ್ಲುತ್ತಿದ್ದಾರೆ ಎನ್ನುವಂಥ ಕೂಗು ಬಂತು. ಬೆತ್ತ ಬಿಸುಟು ಹೊರಗೆ ಓಡಿದೆ. ಮಕ್ಕಳು ಕಿಸಕ್ಕನೆ ನಕ್ಕವು.

"ಏನೂ ಆಗಿಲ್ಲ ಸಾ, ದೊಡ್ಡಬಸವ್ವ ಗಿಣಿ ಓಡಿಸ್ತಾವ್ಳೆ" ಎಂದಳು ಮುಂದಿನ ಸಾಲಿನ ಹುಡುಗಿಯೊಬ್ಬಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಯಳಂದೂರಿನವನು, ಮೈಸೂರು ಮಹಾರಾಜರ ಪ್ರಜೆ; ಹೂಗ್ಯಂ ಆಗ ಮದರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ದಾಟಿ ಬಂದವನಿಗೆ ಇಲ್ಲಿಯವರಿಗೆಲ್ಲ ಬುದ್ಧಿ ಕಲಿಸುತ್ತೇನೆಂಬ ಹಮ್ಮು ಬೇರೆ. ಪಾಠದ ಹೊತ್ತಿನಲ್ಲಿ ಅರಚಬಾರದೆಂದು ಹೇಳಿಯೇ ಬರುವೆನೆಂದು ಆ ಸಂಜೆ ದಿಣ್ಣೆ ಹತ್ತಿದೆ.

ಆ ದಿಣ್ಣೆಗೆ ಗಾಳಿಬೋರೆ ಎಂದು ಹೆಸರು. ನೆತ್ತಿಯಲ್ಲಿ ಮರವಿಲ್ಲ, ಸೊಂಟದೆತ್ತರದ ಹುಲ್ಲು ಮಾತ್ರ. ಅದರ ಕೆಳಗಿನ ಇಳಿಜಾರಿನಲ್ಲಿ ಊರವರ ಜೋಳದ ಹೊಲಗಳು. ಮಳೆ ಹಿಂದಾಗಿ ಚಳಿ ಬಿದ್ದ ಮೇಲೆ ಅಲ್ಲಿ ಮೂಡಲ ಗಾಳಿ ಹಗಲಿಡೀ ಬೀಸುತ್ತದೆ. ಅರ್ಧ ದಾರಿಯಲ್ಲೇ ನನ್ನ ರುಮಾಲು ಹಾರಿತು. ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಏದುಸಿರು ಬಿಡುತ್ತ ತಲೆಯೆತ್ತಿದರೆ, ನಾಲ್ಕು ಕಂಬದ ಅಟ್ಟಣೆಯ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದ ಐವತ್ತರ ಹೆಂಗಸೊಬ್ಬಳು ಕವಣೆ ಹಿಡಿದು ನಿಂತಿದ್ದಳು.

"ರುಮಾಲ ಮನೇಲಿ ಬುಟ್ಟು ಬರೋದಲ್ವಾ ಮೇಷ್ಟ್ರೇ? ಇಲ್ಲಿ ಗಾಳಿ ಯಾರ ಮರ್ವಾದೀನೂ ನೋಡಾಕಿಲ್ಲ" ಎಂದಳು.

ಬೈಯಲು ಹೋದವನು ನಕ್ಕು ಕೂತೆ. ಅಂದಿನಿಂದ ಭಾನುವಾರ ಬಂದರೆ ನನ್ನ ಕಾಲು ಬೋರೆಯ ಕಡೆಗೇ ತಿರುಗುತ್ತಿತ್ತು.

ದೊಡ್ಡಬಸಮ್ಮ ಮಾರ್ಟಳ್ಳಿ ಕಡೆಯ ಹೆಣ್ಣು. ಸಿಟ್ಟು ಬಂದರೆ ತಮಿಳಿನಲ್ಲಿ ಬೈದು, ತಣ್ಣಗಾದ ಮೇಲೆ ಕನ್ನಡಕ್ಕೆ ಬರುವಳು. ಹದಿನಾಲ್ಕಕ್ಕೆ ಮದುವೆಯಾಗಿ ಬಂದವಳು ಮಾರನೆಯ ವರ್ಷವೇ ಅತ್ತೆಯ ಜೊತೆ ಅಟ್ಟಣೆ ಹತ್ತಿದಳು. ಅತ್ತೆ ತೀರಿದ ಮೇಲೆ ಬೋರೆಯ ಹನ್ನೆರಡು ಹೊಲಕ್ಕೂ ಇವಳೇ ಕಾವಲು. ಸುಗ್ಗಿಯಲ್ಲಿ ಹೊಲದವರೆಲ್ಲ ಕಣದಿಂದ ಮಂಕರಿ ತುಂಬ ಜೋಳ ಅಳೆದು ಕೊಡುತ್ತಿದ್ದರು. ಸ್ವಂತ ಹೊಲವಿಲ್ಲದ ಗಂಡಹೆಂಡಿರಿಗೆ ಅದೇ ಅನ್ನ. ಗಂಡ ಪುಟ್ಟಮಲ್ಲಪ್ಪ ಕತ್ತಾಳೆ ನಾರಿನಲ್ಲಿ ಹಗ್ಗ, ಕವಣೆ ಹೊಸೆಯುವನು. ದನಕರುಗಳ ಮುರಿದ ಕಾಲಿಗೆ ಕಟ್ಟು ಹಾಕುವನು. ಮಾತು ಅವನಿಂದ ಬರುವುದೇ ಅಪರೂಪ.

"ನಮ್ಮಿಬ್ರ ಮಾತೂ ನಾನೇ ಆಡಬೇಕಲ್ಲ, ಅದ್ಕೇ ಗಂಟ್ಲು ದೊಡ್ದಾಗದೆ" ಎನ್ನುವಳು ದೊಡ್ಡಬಸಮ್ಮ.

ಕಾವಲಿನವರಿಗೆ ಹಕ್ಕಿ ಎಂದರೆ ಕಳ್ಳ. ಇವಳಿಗೂ ಹಾಗೆಯೇ. ಆದರೆ ಮೂವತ್ತೈದು ಚಳಿಗಾಲ ಕಳ್ಳರನ್ನೇ ನೋಡುತ್ತ ಕೂತು ಅವರ ಮೇಲೆ ಮಮತೆ ಬೆಳೆದುಬಿಟ್ಟಿತ್ತು. ಯಾವುದು ಯಾವಾಗ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಯಾವುದು ಜಗಳಗಂಟಿ, ಯಾವುದು ಸಾಧು, ಎಲ್ಲ ಬಾಯಲ್ಲೇ ಇತ್ತು.

"ಮಾರ್ನೋಮಿ ಒತ್ಗೆ ಕುಂಡೆಕುಸ್ಕ ಬಾಲ ಕುಣಿಸ್ಕಂಡು ಬತ್ತದೆ. ದೀವಳ್ಗೆ ಕಳೀತಲೂ ಬೂದಿ ಗಿಡುಗ. ಜೋಳ ಆಲು ತುಂಬೋ ಒತ್ಗೆ ಕಬ್ಬಕ್ಕಿ ಇಂಡು. ಬರ್ಕಳಿ ಸಾ, ತಪ್ಪಿದ್ರೆ ಕೇಳಿ."

ತಪ್ಪು ಹಿಡಿಯಬೇಕೆಂದೇ ನಾನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಆ ವರ್ಷ ಒಂದೂ ಸಿಗಲಿಲ್ಲ. ಹೊಟ್ಟೆಯುರಿಯಿತು, ಇಲ್ಲವೆನ್ನಲಾರೆ.

ಅವಳಿಗೆ ಎಲ್ಲಕ್ಕಿಂತ ಬೇಕಾದದ್ದು ಬೂದಿ ಗಿಡುಗ. ಪುಸ್ತಕದವರು ಇದನ್ನು ಸೆಳೆವ ಎನ್ನುವರೆಂದು ನನಗೆ ಬಹಳ ಕಾಲದ ಮೇಲೆ ತಿಳಿಯಿತು. ಗಂಡಿಗೆ ಆರಿದ ಬೂದಿಯ ಬಣ್ಣ, ರೆಕ್ಕೆಯ ತುದಿ ಮಾತ್ರ ಕಪ್ಪು. ತೆನೆಗೆ ಹೊಟ್ಟೆ ತಾಗುವಷ್ಟು ಕೆಳಗೆ, ರೆಕ್ಕೆ ಬಡಿಯದೆ, ಗಾಳಿಗೆ ಎದುರಾಗಿ ತೇಲುತ್ತ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಸಂಜೆಯಾದರೆ ಇಪ್ಪತ್ತು ಮೂವತ್ತು ಒಟ್ಟುಗೂಡಿ ಬೋರೆಯ ನೆತ್ತಿಯ ಹುಲ್ಲಿನಲ್ಲಿ ನೆಲದ ಮೇಲೇ ಮಲಗುತ್ತವೆ. ಶಿವರಾತ್ರಿ ಕಳೆದರೆ ಒಂದೂ ಇರುವುದಿಲ್ಲ.

"ನನ್ ಜೊತೇಲಿ ಕಾವಲು ಮಾಡೋರು ಇವ್ರೇ ಕಣ್ರಿ. ಕಾಳು ಮುಟ್ಟಾಕಿಲ್ಲ, ಇಲಿ ಬುಡಾಕಿಲ್ಲ" ಎನ್ನುವಳು. ಅದು ಹಾರಿಬಂದರೆ ತಿರುಗುತ್ತಿದ್ದ ಕವಣೆಯನ್ನು ಹಾಗೇ ಇಳಿಸಿಬಿಡುವಳು.

ಇಂಥವಳ ಕಲ್ಲೇ ಅದಕ್ಕೆ ತಾಗಿತು.

ಪುಷ್ಯಮಾಸದ ಒಂದು ಭಾನುವಾರ. ಗಿಣಿಗಳ ದೊಡ್ಡ ಹಿಂಡು ಚಿಕ್ಕಮಾದಪ್ಪನ ಹೊಲಕ್ಕೆ ಇಳಿದಿತ್ತು. ಹನ್ನೆರಡರಲ್ಲಿ ಅದೇ ದೊಡ್ಡ ಹೊಲ, ಅವನದೇ ದೊಡ್ಡ ಬಾಯಿ. ದೊಡ್ಡಬಸಮ್ಮ ಕವಣೆ ತಿರುಗಿಸಿ ಬಿಟ್ಟಳು. ಕಲ್ಲು ಕೈಬಿಟ್ಟ ಮೇಲೆ ಗಾಳಿ ಒಮ್ಮೆಲೇ ತಿರುಗಿತು. ಅದೇ ಗಳಿಗೆಗೆ ಬದುವಿನ ಮರೆಯಿಂದ ಒಂದು ಬೂದಿ ಗಿಡುಗ ಮೇಲೆದ್ದಿತು. ಟಪ್ ಎಂದು ಸದ್ದಾಯಿತು, ಅಷ್ಟೆ. ಅಟ್ಟಣೆಯಿಂದ ಅವಳು ಹೇಗೆ ಇಳಿದಳೋ ನಾನು ಕಾಣೆ. ನಾನು ಓಡಿಹೋಗುವಷ್ಟರಲ್ಲಿ ಹಕ್ಕಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರ ಎಡಗಡೆಯ ರೆಕ್ಕೆ ಜೋತಿತ್ತು. ಹಳದಿ ಕಣ್ಣು ಬಿಟ್ಟು ನಮ್ಮನ್ನು ನುಂಗುವಂತೆ ನೋಡುತ್ತಿತ್ತು.

"ಮೇಷ್ಟ್ರೇ, ಇದರ ಕಾಲು ನೋಡಿ" ಎಂದಳು. ಅವಳ ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ.

ಕಾಲಿನಲ್ಲಿ ಬಿಳಿ ಲೋಹದ ಸಣ್ಣ ಕಡಗವಿತ್ತು. ಅದರ ಮೇಲೆ ಇಂಗ್ಲಿಷಿನಂಥ ಅಕ್ಷರ, ಕೆಳಗೆ ಅಂಕಿ.

ಈಗ ಆ ಊರಿನ ಒಂದು ಪದ್ಧತಿ ಹೇಳಬೇಕು. ಕಷ್ಟ ಬಂದವರು ಬೆಟ್ಟದ ಮಾದಪ್ಪ ದೇವರಿಗೆ ಹರಕೆ ಹೊತ್ತು, ಕರುವಿನ ಕಾಲಿಗೆ ಕಡಗ ಹಾಕಿ ಬಿಡುತ್ತಿದ್ದರು. ಹಾಗೆ ಬಿಟ್ಟ ಬಸವ ಯಾವ ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ. ಮೇವು ಕೊಟ್ಟು, ಕೈಮುಗಿದು ಮುಂದಕ್ಕೆ ಕಳಿಸಬೇಕು. ಯಾರಾದರೂ ಹೊಡೆದರೆ ಅವರೇ ಆರೈಕೆ ಮಾಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಪೆಟ್ಟು ತಿಂದ ಬಸವ ಹೊಡೆದವರ ಹೊಲಕ್ಕೆ ತಾನಾಗಿ ಮತ್ತೆ ಬಂದು ಬಾಯಿ ಹಾಕಬೇಕು. ಆಗ ತಪ್ಪು ಕಳೆಯಿತೆಂದು ಲೆಕ್ಕ.

"ಯಾರ್ದೋ ಅರಕೆ ಕಣ್ರಿ ಇದು" ಎಂದು ದೊಡ್ಡಬಸಮ್ಮ ಅಳತೊಡಗಿದಳು. "ಯಾವ ತಾಯಿ ಮಗೀಗೆ ಉಸಾರಿಲ್ಲ ಅಂತ ಬುಟ್ಟಿದ್ಲೋ. ಮಾದಪ್ಪನ ಬೆಟ್ಟ ಕಾಣೋ ಜಾಗದಲ್ಲೇ ನಾನು ಒಡ್ದು ಬೀಳಿಸ್ದೆ."

ನಾನು ವಿದ್ಯಾವಂತನಲ್ಲವೆ, ಸುಮ್ಮನಿರಲಾದೀತೆ? ಅಂಕಿ ನೋಡಿ, ಇದು ಸರ್ಕಾರದ ಹಕ್ಕಿಯೇ ಸರಿ, ರಾಮಾಪುರದ ಠಾಣೆಗೆ ತಿಳಿಸದಿದ್ದರೆ ಇಬ್ಬರನ್ನೂ ಎಳೆದುಕೊಂಡು ಹೋಗುತ್ತಾರೆ ಎಂದೆ. ಅವಳ ಮಾತೂ ತಪ್ಪು, ನನ್ನ ಮಾತೂ ತಪ್ಪು. ಈಗ ಯೋಚಿಸಿದರೆ ನನ್ನದೇ ಹೆಚ್ಚು ತಪ್ಪು.

ಅವಳು ಕವಣೆಯನ್ನು ಅಟ್ಟಣೆಯ ಕಂಬಕ್ಕೆ ಸುತ್ತಿ ಗಂಟು ಹಾಕಿದಳು. "ಇದು ವಾಸಿಯಾಗಿ ಓಗಿ, ತಿರ್ಗಾ ಈ ಬೋರೆಗೆ ತಾನೇ ಬರಾಗಂಟ ನಾನು ಕವಣೆ ಮುಟ್ಟಾಕಿಲ್ಲ" ಎಂದು ಬೆಟ್ಟದ ದಿಕ್ಕಿಗೆ ಕೈಮುಗಿದಳು.

ಪುಟ್ಟಮಲ್ಲಪ್ಪ ಬಂದು ರೆಕ್ಕೆ ಮುಟ್ಟಿ ನೋಡಿ, ಎಲುಬು ಮುರಿದಿಲ್ಲವೆಂದು ತಲೆಯಲ್ಲಾಡಿಸಿ, ಹಳೆ ಪಂಚೆಯ ಪಟ್ಟಿಯಿಂದ ಅದನ್ನು ಮೈಗೆ ಕಟ್ಟಿದ. ಅಟ್ಟಣೆಯ ಕೆಳಗೇ ಜೋಳದ ಕಡ್ಡಿಯ ಗುಡಿಸಲೊಂದು ಎದ್ದಿತು. ತೊಡಕು ಬಂದದ್ದು ಊಟದ ವಿಷಯದಲ್ಲಿ.

ಅವರದು ಲಿಂಗ ಕಟ್ಟಿದ ಮನೆ. ಮೊಟ್ಟೆಯ ವಾಸನೆಯೂ ಆಗದು. ದೊಡ್ಡಬಸಮ್ಮ ಮೊದಲ ದಿನ ಗಿಡುಗಕ್ಕೆ ಮೊಸರು ಕಲಸಿದ ಮುದ್ದೆ ಇಟ್ಟಳು. ಅದು ಮುಖ ತಿರುಗಿಸಿತು. ಎರಡನೆಯ ದಿನ ಅವರೆಕಾಳು ಬೇಯಿಸಿ ತಂದಳು. ಕಾಲಿನಿಂದ ಒದೆಯಿತು.

"ಅರಕೆಗೆ ಬುಟ್ಟಿರೋ ಗಿಡುಗ, ಮಾಂಸ ತಿಂತದಾ ಮೇಷ್ಟ್ರೇ?"

"ತಿನ್ನದೆ ಉಪವಾಸ ಸಾಯುತ್ತದೆಯೇ?" ಎಂದು ಗದರಿದೆ.

ಮೂರನೆಯ ದಿನ ಅದು ಕತ್ತು ಇಳಿಬಿಟ್ಟಿತು. ದೊಡ್ಡಬಸಮ್ಮ ಗುಡಿಸಲ ಮುಂದೆ ಕೂತು, ಕೊಂದರೆ ಹರಕೆಯ ಪಾಪ, ಉಣಿಸಿದರೆ ಲಿಂಗದ ಪಾಪ ಎಂದು ತಮಿಳಿನಲ್ಲೂ ಕನ್ನಡದಲ್ಲೂ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಪುಟ್ಟಮಲ್ಲಪ್ಪ ಬದುವಿನಲ್ಲಿ ಕತ್ತಾಳೆ ನಾರಿನ ಉರುಲು ಒಡ್ಡಿ, ಒಂದು ಹೊಲದಿಲಿಯನ್ನು ಬಾಲ ಹಿಡಿದು ತಂದ. ಆ ವರ್ಷ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಆಗ ಬಂತು.

"ಉಟ್ಟಿದಾಗಿಂದ ನಮ್ ಜೋಳ ಬುಟ್ರೆ ಇದು ಬೇರೆ ಏನೂ ತಿಂದಿಲ್ಲ. ಜೋಳ ತಿಂದು ಬೆಳೆದಿದ್ದು ಜೋಳವೇ ಅಲ್ವಾ? ಆಕು."

ದೊಡ್ಡಬಸಮ್ಮ ಗಂಡನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮುಖ ಆಚೆ ತಿರುಗಿಸಿ, ಎರಡು ಕಡ್ಡಿಯಲ್ಲಿ ಇಲಿಯನ್ನು ಹಿಡಿದು ಗುಡಿಸಲೊಳಗೆ ನೂಕಿದಳು. ಒಳಗಿನಿಂದ ಮಾಂಸ ಹರಿಯುವ ಸದ್ದು ಕೇಳಿದಾಗ ಅಳುತ್ತಲೇ ನಕ್ಕಳು. ಅಂದಿನಿಂದ ದಿನಕ್ಕೆರಡು ಸಲ ಉಣಿಸುವುದು, ಎರಡು ಸಲವೂ ಕೆಳಗಿನ ಹಳ್ಳದಲ್ಲಿ ಮುಳುಗಿ ಬರುವುದು. ಒದ್ದೆ ಸೀರೆಯಲ್ಲಿ ಆ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಬೇಡವೆಂದು ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ನನ್ನ ಬುದ್ಧಿಗೂ ಸ್ವಲ್ಪ ಬೆಳಕು ಬಿತ್ತು. ಶಾಲೆಯ ಗೋಡೆಯ ಭೂಪಟದಲ್ಲಿ ಹುಡುಕಿದಾಗ ಕಡಗದ ಮೇಲಿನ ಅಕ್ಷರ ರಷ್ಯಾದ ಮಾಸ್ಕೋ ಊರಿನ ಹೆಸರೆಂದು ಗೊತ್ತಾಯಿತು. ಹಕ್ಕಿಗಳು ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಕೆಲವು ದೇಶಗಳಲ್ಲಿ ಹೀಗೆ ಕಡಗ ಹಾಕುತ್ತಾರೆಂದು ಕೊಳ್ಳೇಗಾಲದ ಹೈಸ್ಕೂಲಿನ ಸ್ನೇಹಿತರೊಬ್ಬರು ಹೇಳಿದರು. ಕಡಗವನ್ನು ಕತ್ತರಿಸಿ ಅಲ್ಲಿಗೇ ಕಳಿಸಿಬಿಡೋಣವೆಂದು ನಾನು ಕತ್ತರಿ ಹಿಡಿದು ಹೋದೆ. ದೊಡ್ಡಬಸಮ್ಮ ಗುಡಿಸಲ ಬಾಗಿಲಿಗೆ ಅಡ್ಡ ನಿಂತಳು.

"ಕಟ್ದೋರು ಯಾರೋ. ಬಿಚ್ಚಾಕೆ ನಾವ್ಯಾರು ಸಾ?"

ಇದು ಹರಕೆಯಲ್ಲ, ಶಾಸ್ತ್ರದವರ ಕೆಲಸ ಎಂದು ಒಂದು ಗಂಟೆ ಪಾಠ ಮಾಡಿದೆ. ಕೇಳಿದಳು, ತಲೆಯಾಡಿಸಿದಳು, ಬಾಗಿಲು ಬಿಡಲಿಲ್ಲ. ಕೊನೆಗೆ ಕಡಗದ ಮೇಲೆ ತೆಳು ಕಾಗದ ಒತ್ತಿ, ಪೆನ್ಸಿಲಿನಿಂದ ಉಜ್ಜಿ ಅಕ್ಷರದ ಅಚ್ಚು ತೆಗೆದೆ. ಅಷ್ಟರಲ್ಲೇ ನನ್ನ ಹೆಬ್ಬೆರಳಿನಿಂದ ಗಿಡುಗ ತನ್ನ ಪಾಲು ತೆಗೆದುಕೊಂಡಿತು. ಗಾಯದ ಗುರುತು ಇನ್ನೂ ಇದೆ. ಆ ಅಚ್ಚನ್ನು ಒಂದು ಪತ್ರದ ಜೊತೆಗಿಟ್ಟು, ಹಕ್ಕಿಗೆ ಕಡಗ ಹಾಕುವವರಿಗೆಂದು ವಿಳಾಸ ಬರೆದು ಮಾಸ್ಕೋಗೆ ಹಾಕಿದೆ.

ಮಾಘ ಬಂದು ಕಟ್ಟು ಬಿಚ್ಚಿದ ಮೇಲೆ ದೊಡ್ಡಬಸಮ್ಮ ಕೈಗೆ ಗೋಣಿಪಟ್ಟೆ ಸುತ್ತಿ, ಗಿಡುಗವನ್ನು ಅದರ ಮೇಲೆ ಕೂರಿಸಿಕೊಂಡು, ಕಾಲಿಗೆ ಸಡಿಲ ದಾರ ಹಾಕಿ ನೆತ್ತಿಯ ಹುಲ್ಲಿನಲ್ಲಿ ನಿಲ್ಲುವಳು. ಗಾಳಿ ಬಂದಾಗ ಅದು ರೆಕ್ಕೆ ಬಿಚ್ಚುವುದು. ಮೊದಮೊದಲು ಎಡಗಡೆಗೆ ವಾಲುತ್ತಿತ್ತು. ದಿನ ಕಳೆದಂತೆ ನೆಟ್ಟಗಾಯಿತು. ಉಳಿದ ಗಿಡುಗಗಳು ಒಂದೆರಡಾಗಿ ಹೊರಟುಹೋಗತೊಡಗಿದ್ದವು. ನಾನು ಪ್ರತಿ ಸಂಜೆ ಹುಲ್ಲಿಗೆ ಇಳಿದವನ್ನು ಎಣಿಸುತ್ತಿದ್ದೆ. ಇಪ್ಪತ್ತು, ಹದಿನಾಲ್ಕು, ಒಂಬತ್ತು. ಶಿವರಾತ್ರಿಗೆ ಎರಡು ದಿನವಿದ್ದಾಗ ಮೂರು. ಅಂದು ಬೆಳಿಗ್ಗೆ ಅವಳು ಗಿಡುಗದ ನೆತ್ತಿಗೆ ವಿಭೂತಿ ಹಚ್ಚಿ, ದಾರ ಬಿಚ್ಚಿ ಕೈ ಮೇಲಕ್ಕೆತ್ತಿದಳು. ಅದು ಹಾರಲಿಲ್ಲ. ಗಾಳಿಯೇ ಅದನ್ನು ಎತ್ತಿಕೊಂಡಿತು. ಎರಡು ಸುತ್ತು ಹಾಕಿ, ಬಡಗಲ ದಿಕ್ಕಿಗೆ ಚುಕ್ಕೆಯಾಗಿ ಹೋಯಿತು.

ಶ್ರಾವಣದಲ್ಲಿ ಉತ್ತರ ಬಂತು. ಲಕೋಟೆಯನ್ನು ನಡುವೆ ಯಾರೋ ಒಡೆದು ಮತ್ತೆ ಅಂಟಿಸಿದ್ದರು. ರಷ್ಯಾದಿಂದ ಹೂಗ್ಯಂಗೆ ಕಾಗದವೆಂದರೆ ಯಾರಿಗಾದರೂ ಅನುಮಾನ ಬಾರದೆ ಇರದು. ಅಲ್ಲಿಯ ಹಕ್ಕಿಶಾಸ್ತ್ರದವರೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದರು. ನಾಲ್ಕು ವರ್ಷದ ಹಿಂದೆ, ಗೋಧಿ ಹೊಲದ ನಡುವಿನ ಗೂಡಿನಲ್ಲಿ ಮರಿಯಾಗಿದ್ದಾಗ ಆ ಮಹಾನುಭಾವರು ತಮ್ಮ ಕೈಯಿಂದಲೇ ಕಡಗ ಹಾಕಿದ್ದರಂತೆ. ಆ ವರ್ಷ ಕಡಗ ಹಾಕಿ ಬಿಟ್ಟ ನೂರಾರು ಹಕ್ಕಿಗಳಲ್ಲಿ ಸುದ್ದಿ ಬಂದದ್ದು ಇದೊಂದರದೇ ಅಂತೆ. ಮತ್ತೆ ಕಂಡರೆ ದಯವಿಟ್ಟು ತಿಳಿಸಿ ಎಂದು ಕೇಳಿಕೊಂಡಿದ್ದರು.

ನಾನು ಕನ್ನಡದಲ್ಲಿ ಓದಿ ಹೇಳಿದೆ. ದೊಡ್ಡಬಸಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡಳು.

"ನೋಡಿದ್ರಾ, ಬುಟ್ಟೋರು ಕಾಯ್ತಾವ್ರೆ" ಎಂದಳು.

ಹರಕೆಯಲ್ಲವೆಂದು ಇನ್ನೊಮ್ಮೆ ಹೇಳಲು ಹೋಗದೆ, ಕಾಗದವನ್ನು ಮಡಿಸಿ ನನ್ನ ನೋಟುಬುಕ್ಕಿನಲ್ಲಿಟ್ಟೆ.

ಮರುಚಳಿಗಾಲ ಬಂತು. ಕುಂಡೆಕುಸ್ಕ ಬಂತು, ದೀಪಾವಳಿ ಕಳೆಯುತ್ತಲೂ ಗಿಡುಗಗಳೂ ಬಂದವು. ಅವಳದು ಬರಲಿಲ್ಲ. ಕವಣೆ ಕಂಬಕ್ಕೆ ಕಟ್ಟಿದಂತೆಯೇ ಇತ್ತು. ಅವಳು ಗಂಟಲಿನಲ್ಲಿ, ಒಡೆದ ಸೀಮೆಎಣ್ಣೆ ಡಬ್ಬದಲ್ಲಿ ಕಾವಲು ಮಾಡಿದಳು. ವಾರಕ್ಕೇ ಗಿಣಿಗಳಿಗೆ ಡಬ್ಬದ ಭಯ ಬಿಟ್ಟುಹೋಯಿತು. ಗಂಟಲು ಬಿದ್ದು ಅವಳ ಮಾತು ನನಗೇ ಕೇಳದಂತಾಯಿತು. ತೆನೆಗಳು ಬರಿದಾಗತೊಡಗಿದವು.

ಚಿಕ್ಕಮಾದಪ್ಪ ಅಟ್ಟಣೆಯ ಕೆಳಗೆ ನಿಂತು ಹೇಳಿದ. "ನೋಡಕ್ಕ, ನಿನ್ ಮೇಲೆ ನಂಗೆ ಅಗೆ ಇಲ್ಲ. ಷಷ್ಠಿ ಗಂಟ ನೋಡ್ತೀನಿ. ಆಮೇಲೂ ಕವಣೆ ಮುಟ್ಟಾಕಿಲ್ಲ ಅಂದ್ರೆ ಸೋಮ್ವಾರದಿಂದ ಬೇರೆಯವ್ರ ಕೂರಿಸ್ತೀನಿ."

ತಪ್ಪೆಂದು ಹೇಗೆ ಹೇಳಲಿ? ಬೆಳೆ ಅವನದು. ನಾನು ಅವಳಿಗೇ ಬುದ್ಧಿ ಹೇಳಿದೆ. ಮೂವತ್ತಾರು ವರ್ಷದ ಕಾವಲು, ಇಬ್ಬರ ಅನ್ನ. ಎಲ್ಲಿಂದಲೋ ಬರಬೇಕಾದ ಒಂದು ಹಕ್ಕಿಯನ್ನು ನಂಬಿ ಕಳೆದುಕೊಳ್ಳುತ್ತೀಯಾ ಎಂದೆ.

"ಕೊಟ್ಟ ಮಾತು ಮೇಷ್ಟ್ರೇ" ಎಂದು ಪಿಸುಗುಟ್ಟಿದಳು.

ಷಷ್ಠಿ ಕಳೆಯಿತು. ಸೋಮವಾರ ಬೆಳಿಗ್ಗೆ ಚಿಕ್ಕಮಾದಪ್ಪ ತಾನೇ ಒಂದು ಕವಣೆ, ಮಡಿಲ ತುಂಬ ಕಲ್ಲು ತೆಗೆದುಕೊಂಡು ಬೋರೆ ಹತ್ತುವುದನ್ನು ಶಾಲೆಯ ಬಾಗಿಲಿನಿಂದ ನೋಡಿದೆ. ಮಕ್ಕಳಿಗೆ ಲೆಕ್ಕ ಕೊಟ್ಟು ಹಿಂದೆಯೇ ಓಡಿದೆ. ನಾನು ತಲುಪುವಾಗ ದೊಡ್ಡಬಸಮ್ಮ ಅಟ್ಟಣೆಯಿಂದ ಇಳಿದು ತನ್ನ ಕಂಬಳಿ ಮಡಿಸುತ್ತಿದ್ದಳು. ಪುಟ್ಟಮಲ್ಲಪ್ಪ ನೀರಿನ ಗಡಿಗೆ ಎತ್ತಿಕೊಂಡಿದ್ದ.

ಗಿಣಿಗಳು ಇಳಿದವು. ಚಿಕ್ಕಮಾದಪ್ಪ ಕಲ್ಲು ಇಟ್ಟು ಕವಣೆ ತಿರುಗಿಸಿದ. ಆಗಲೇ ಬದುವಿನ ಮರೆಯಿಂದ ಬೂದಿ ಬಣ್ಣದ್ದೊಂದು ಮೇಲೆದ್ದು ತೆನೆಯ ಮೇಲೆ ತೇಲಿಬಂತು. ದೊಡ್ಡಬಸಮ್ಮ ಕಂಬಳಿ ಎಸೆದು, ಅವನ ತೋಳಿಗೆ ಎರಡು ಕೈಯಲ್ಲೂ ಜೋತುಬಿದ್ದಳು. ಕಲ್ಲು ಅವನ ಕಾಲ ಬಳಿಯೇ ಬಿತ್ತು.

ಗಿಡುಗ ನೇರವಾಗಿ ಬರುತ್ತಿತ್ತು. ಹೋದ ವರ್ಷ ಪೆಟ್ಟು ಬಿದ್ದ ಜಾಗಕ್ಕೆ ಬಂದದ್ದೇ ತಡೆದು, ಅಟ್ಟಣೆಯಿಂದ ದೂರಕ್ಕೆ ಒಮ್ಮೆಲೇ ಓರೆಯಾಗಿ ಸರಿಯಿತು. ಓರೆಯಾದಾಗ ಕಾಲಿನ ಕಡಗ ಬಿಸಿಲಿಗೆ ಮಿನುಗಿದ್ದನ್ನು ನಾಲ್ವರೂ ನೋಡಿದೆವು.

"ಇನ್ನೂ ಎದರ್ತದೆ" ಎಂದು ದೊಡ್ಡಬಸಮ್ಮ ಬಿಕ್ಕಿದಳು. "ಎದರ್ಕಂಡೇ ಬಂದದೆ ನೋಡಿ."

ಹೌದು, ಹೆದರಿಕೊಂಡೇ ಬಂದಿತ್ತು. ಸುತ್ತು ಹಾಕಿ ಮರಳಿ, ಚಿಕ್ಕಮಾದಪ್ಪನ ಜೋಳದೊಳಕ್ಕೆ ಕಾಲು ಚಾಚಿ ಇಳಿಯಿತು. ಏಳುವಾಗ ಅದರ ಕಾಲಲ್ಲಿ ಇಲಿಯಿತ್ತು. ನಮ್ಮಿಂದ ಇಪ್ಪತ್ತು ಮಾರು ದೂರದ ಬಂಡೆಯ ಮೇಲೆ ಕೂತು, ಯಾರ ಪರಿವೆಯೂ ಇಲ್ಲದೆ ತಿಂದಿತು. ಚಿಕ್ಕಮಾದಪ್ಪ ಕವಣೆ ಕೆಳಗಿಟ್ಟು, ಚಪ್ಪಲಿ ಬಿಟ್ಟು ಕೈಮುಗಿದ. ಹನ್ನೆರಡು ಹೊಲದಲ್ಲಿ ತನ್ನ ಹೊಲದಲ್ಲೇ ಹರಕೆ ಬಾಯಿ ಹಾಕಿತೆಂದು ಆಮೇಲೆ ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ.

"ಇನ್ನು ಕವಣೆ ತಕ್ಕೋ ಅಕ್ಕ" ಎಂದ.

ಪುಟ್ಟಮಲ್ಲಪ್ಪ ಕಂಬದ ಗಂಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅಟ್ಟಣೆ ಹತ್ತಿ, ಕಲ್ಲಿಡದೆ ಬರಿ ಕವಣೆಯನ್ನೇ ಬೀಸಿ ತುದಿ ಬಿಟ್ಟಳು. ಗಾಳಿಯಲ್ಲಿ ಚಟೀರೆಂದು ಸದ್ದಾಗಿ ಗಿಣಿಗಳೆಲ್ಲ ಒಟ್ಟಿಗೆ ಎದ್ದವು. ಕಲ್ಲಿಲ್ಲದ ಕವಣೆಯೂ ಕಾವಲು ಕಾಯುತ್ತದೆಂದು ಅವಳಿಗೆ ಆಗ ಹೊಳೆಯಿತು. ಅದಾದ ಮೇಲೆ ಅವಳು ಕಲ್ಲು ಇಟ್ಟಿದ್ದನ್ನು ನಾನು ನೋಡಲಿಲ್ಲ.

ಆ ಸಂಜೆ ಶಾಲೆಯ ಜಗಲಿಯಲ್ಲಿ ಮಾಸ್ಕೋದವರಿಗೆ ಕಾಗದ ಬರೆಯಲು ಕೂತೆ. ದಿನ, ಗಳಿಗೆ, ಕಡಗದ ಅಂಕಿ ಎಲ್ಲ ಬರೆದು, ನಿನ್ನದೇನಾದರೂ ಸೇರಿಸಲೇ ಎಂದು ದೊಡ್ಡಬಸಮ್ಮನನ್ನು ಕೇಳಿದೆ.

"ನಿಮ್ಮ ಅರಕೆ ಸಂದದೆ ಅಂತ ಬರೀರಿ" ಎಂದಳು.

ಒಂದು ವರ್ಷ ಇಡೀ ಅವಳ ಜೊತೆ ವಾದ ಮಾಡಿದವನು ನಾನು. ಆ ಮಾತನ್ನು ಒಂದಕ್ಷರವೂ ತಿದ್ದದೆ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿ, ಮಾರನೆಯ ದಿನ ನಾನೇ ರಾಮಾಪುರಕ್ಕೆ ನಡೆದುಹೋಗಿ ಟಪ್ಪಾಲಿಗೆ ಹಾಕಿ ಬಂದೆ.